ಹಿತ್ತಲ ಹಕ್ಕಿಗೂ ಒಂದು ಲೆಕ್ಕ: ಚೆನ್ನೈಯಲ್ಲಿ ಮಾಗಿ ಜಾರುವ ಹೊತ್ತು

ಚೆನ್ನೈ: ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬುದು ಕನ್ನಡ ನಾಡಿನ ಹಿರಿಯರು ಆಡುವ ಮಾತು. ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರು ಈ ಮಾತು ಕೇಳಿ ನಗುವುದುಂಟು. ಓಡಿಹೋಗಲು ಇಲ್ಲಿಗೆ ಚಳಿ ಬಂದದ್ದಾದರೂ ಯಾವಾಗ? ಜನವರಿಯ ಮುಂಜಾವಿನಲ್ಲೂ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುವ ಈ ಮಹಾನಗರದಲ್ಲಿ ಪೆಟ್ಟಿಗೆಯೊಳಗಿನ ಸ್ವೆಟರ್ ಹೊರಬರುವುದು ಬೆಂಗಳೂರಿಗೋ ಮಡಿಕೇರಿಗೋ ಹೊರಟಾಗ ಮಾತ್ರ.

ಆದರೂ ಚೆನ್ನೈಗೆ ತನ್ನದೇ ಆದ ಮಾಗಿ ಇದೆ. ಅದನ್ನು ಕಾಣಬೇಕಾದರೆ ಹಿತ್ತಲ ಬಾಗಿಲು ತೆರೆಯಬೇಕು. ಫೆಬ್ರವರಿಯ ಹೊತ್ತಿಗೆ ಕಾಂಪೌಂಡಿನ ಬಾದಾಮಿ ಮರದ ಎಲೆಗಳು ಕೆಂಪಾಗಿ ಒಂದೊಂದೇ ಉದುರುತ್ತವೆ. ಎಲೆ ಕಳಚಿಕೊಂಡ ಬೂರುಗದ ಮರ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಮಾವು ಹೂ ಬಿಟ್ಟಿರುತ್ತದೆ, ನುಗ್ಗೆ ಮರದ ಬಿಳಿ ಹೂಗಳ ನಡುವೆ ಸೂರಕ್ಕಿ ತಲೆಕೆಳಗಾಗಿ ತೂಗಾಡುತ್ತದೆ. ಎಲ್ಲೋ ಒಣಗೊಂಬೆಯ ತುದಿಯಲ್ಲಿ ಕುಳಿತ ಕಂಚುಕುಟಿಗ ಹಕ್ಕಿ ಪಾತ್ರೆ ಬಡಿಯುವವನ ಹಾಗೆ ‘ಟುಕ್ ಟುಕ್ ಟುಕ್’ ಎಂದು ಒಂದೇ ಸಮನೆ ಕುಟ್ಟತೊಡಗುತ್ತದೆ. ಬಿಸಿಲೇರುವ ದಿನಗಳು ಹತ್ತಿರವಾದುವು ಎಂದು ಈ ನಗರಕ್ಕೆ ಮೊದಲು ತಿಳಿಸುವ ಹಕ್ಕಿಗಳಲ್ಲಿ ಅದೂ ಒಂದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಕೈಗೆ ಸುಲಭವಾಗಿ ಸಿಗುವುದಕ್ಕೆ ಬೆಲೆ ಇಲ್ಲ ಎಂಬುದು ಅದರ ಅರ್ಥ. ಹಿತ್ತಲ ಹಕ್ಕಿಗಳ ಕಥೆಯೂ ಬಹುಕಾಲ ಹೀಗೆಯೇ ಇತ್ತು. ಹುಲಿಯ ಗಣತಿ ಆಯಿತು, ಆನೆಯ ಗಣತಿ ಆಯಿತು. ಕಾಗೆ, ಗುಬ್ಬಿ, ಪಿಕಳಾರಗಳನ್ನು ಲೆಕ್ಕ ಹಾಕಿದವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಈಗ ಪ್ರತಿವರ್ಷ ಫೆಬ್ರವರಿ ಮಧ್ಯದಲ್ಲಿ, ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ, ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಲ ಹಕ್ಕಿ ಗಣತಿ ನಡೆಯುತ್ತದೆ. 1998ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ ಆರಂಭಿಸಿದ ಈ ಗಣತಿಗೆ ಭಾರತ 2013ರಲ್ಲಿ ಸೇರಿತು. ತಮಿಳುನಾಡಿನ ಪಕ್ಷಿಪ್ರಿಯರು 2015ರಿಂದ ಜನವರಿಯಲ್ಲಿ ಪೊಂಗಲ್ ಹಬ್ಬದ ನಾಲ್ಕು ದಿನಗಳಲ್ಲೂ ಪ್ರತ್ಯೇಕ ಗಣತಿ ನಡೆಸುತ್ತ ಬಂದಿದ್ದಾರೆ. ಇದರಲ್ಲಿ ಪಾಲ್ಗೊಳ್ಳಲು ಪದವಿ ಬೇಡ, ಶುಲ್ಕವಿಲ್ಲ, ಕಾಡಿಗೆ ಹೋಗಬೇಕಾಗಿಲ್ಲ. ಮನೆಯ ತಾರಸಿ ಅಥವಾ ಬಾಲ್ಕನಿಯಲ್ಲಿ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಬರೆದರೆ ಸಾಕು.

ಮೈಲಾಪುರದ ಮನೆಯಿಂದ ಬರೆದವರು

ಹಿತ್ತಲನ್ನು ನೋಡಿ ಬರೆಯುವ ಈ ಕೆಲಸಕ್ಕೆ ಚೆನ್ನೈಯಲ್ಲಿ ಒಬ್ಬ ಹಿರಿಯ ಗುರುವಿದ್ದರು. ತಮಿಳು ಕಾದಂಬರಿಕಾರ ಅ. ಮಾಧವಯ್ಯನವರ ಕಿರಿಯ ಪುತ್ರ ಎಂ. ಕೃಷ್ಣನ್ (1912–1996) ಅವರೇ ಈ ಹಿರಿಯರು. ಅವರು ಬೆಳೆದದ್ದು ಮೈಲಾಪುರದಲ್ಲಿ. ಆ ಕಾಲದ ಮೈಲಾಪುರದ ಸುತ್ತ ಕುರುಚಲು ಕಾಡಿತ್ತು. ನರಿ, ಕೃಷ್ಣಮೃಗಗಳು ಕಾಣಸಿಗುತ್ತಿದ್ದವು. ಬಾಲಕ ಕೃಷ್ಣನ್ ಒಂದು ಮುಂಗುಸಿಯನ್ನೂ ಸಾಕಿಕೊಂಡಿದ್ದರು. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರೊ. ಫೈಸನ್ ಅವರ ಕೈಕೆಳಗೆ ಸಸ್ಯಶಾಸ್ತ್ರ ಕಲಿತರು.

ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಗೆ ಅವರು ‘ಕಂಟ್ರಿ ನೋಟ್‌ಬುಕ್’ ಎಂಬ ಅಂಕಣವನ್ನು 1950ರಲ್ಲಿ ಆರಂಭಿಸಿದರು. ಎರಡು ವಾರಕ್ಕೊಮ್ಮೆ ಬರುತ್ತಿದ್ದ ಈ ಅಂಕಣ 46 ವರ್ಷ ನಡೆಯಿತು. 1996ರ ಫೆಬ್ರವರಿ 18ರಂದು ಅವರು ನಿಧನರಾದಾಗಲೂ ಅಂಕಣ ನಿಂತಿರಲಿಲ್ಲ. ಆನೆ, ಕಾಟಿಗಳ ಬಗ್ಗೆ ಅಧಿಕಾರಯುತವಾಗಿ ಬರೆಯಬಲ್ಲವರಾಗಿದ್ದ ಕೃಷ್ಣನ್, ಮನೆಯ ಗೋಡೆಯ ಮೇಲಿನ ಅಳಿಲು, ಕಾಗೆ, ಹಲ್ಲಿಗಳ ಬಗ್ಗೆಯೂ ಅಷ್ಟೇ ಗಂಭೀರವಾಗಿ ಬರೆದರು. 1961ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ ‘ಜಂಗಲ್ ಅಂಡ್ ಬ್ಯಾಕ್‌ಯಾರ್ಡ್’. ಕಾಡನ್ನೂ ಹಿತ್ತಲನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಶೀರ್ಷಿಕೆ ಅದು. ಈಗ ಹಿತ್ತಲ ಗಣತಿ ನಡೆಯುವುದು ಅವರು ತೀರಿಕೊಂಡ ದಿನದ ಆಸುಪಾಸಿನಲ್ಲಿಯೇ ಎಂಬುದು ಕಾಕತಾಳೀಯವಾದರೂ ನೆನೆಯತಕ್ಕ ಸಂಗತಿ.

ಕೃಷ್ಣನ್ ಅವರಿಗೂ ಕನ್ನಡ ನಾಡಿಗೂ ಇದ್ದ ನಂಟು ಇಲ್ಲಿನ ಅನೇಕ ಕನ್ನಡಿಗರಿಗೆ ತಿಳಿಯದು. 1942ರಲ್ಲಿ ಅವರು ಇಂದಿನ ಬಳ್ಳಾರಿ ಜಿಲ್ಲೆಯ ಸಂಡೂರು ಸಂಸ್ಥಾನದಲ್ಲಿ ಉದ್ಯೋಗಕ್ಕೆ ಸೇರಿದರು. ಶಾಲಾ ಶಿಕ್ಷಕ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಮಹಾರಾಜರ ರಾಜಕೀಯ ಕಾರ್ಯದರ್ಶಿ ಹೀಗೆ ಹಲವು ಹುದ್ದೆಗಳಲ್ಲಿ ದುಡಿದರು. ಬಿಡುವಿನಲ್ಲಿ ಸಂಡೂರಿನ ಬೆಟ್ಟಗುಡ್ಡಗಳನ್ನು ಸುತ್ತಿದರು, ಕುರಿ ಮೇಯಿಸಿ ನೋಡಿದರು, ಅಂಚೆ ಒಯ್ಯಲೆಂದು ಪಾರಿವಾಳಗಳನ್ನೂ ಸಾಕಿದರು. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಬಳಿಕ ಮದರಾಸಿಗೆ ಮರಳಿದ ಕೃಷ್ಣನ್ ಮತ್ತೆ ಯಾರ ನೌಕರಿಯನ್ನೂ ನೆಚ್ಚದೆ ಬರವಣಿಗೆ ಮತ್ತು ಛಾಯಾಗ್ರಹಣವನ್ನು ನಂಬಿ ಬದುಕಿದರು. ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ಮುಂದೆ ಕರ್ನಾಟಕದ ಹಣಕಾಸು ಸಚಿವರಾದದ್ದಲ್ಲದೆ ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರು ಮಾಡಿದರು.

ಕೃಷ್ಣನ್ ಕಲಿತ ಪ್ರೆಸಿಡೆನ್ಸಿ ಕಾಲೇಜಿನ ಅದೇ ಸಸ್ಯಶಾಸ್ತ್ರ ವಿಭಾಗಕ್ಕೆ 1953ರಲ್ಲಿ ಪ್ರಾಧ್ಯಾಪಕರಾಗಿ ಬಂದವರು ಕನ್ನಡಿಗರೇ ಆದ ಡಾ. ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಪುತ್ರರಾದ ಸ್ವಾಮಿಯವರು ಮುಂದೆ ಆ ಕಾಲೇಜಿನ ಪ್ರಾಂಶುಪಾಲರೂ ಆದರು. ಈ ಊರಿನ ಅನುಭವವನ್ನು ‘ತಮಿಳು ತಲೆಗಳ ನಡುವೆ’ ಕೃತಿಯಲ್ಲಿ ಬರೆದರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕಾಲ ಬುಡದಲ್ಲಿರುವ ಗಿಡವನ್ನು ಬಗ್ಗಿ ನೋಡುವ ಅಭ್ಯಾಸವನ್ನು ಕನ್ನಡ ಓದುಗರಿಗೆ ಹತ್ತಿಸಿದ ಪುಸ್ತಕವದು. ಹಿತ್ತಲು ನೋಡುವ ವಿದ್ಯೆಯಲ್ಲಿ ಚೆನ್ನೈ ಕನ್ನಡಿಗರಿಗೆ ಎರಡೂ ಕಡೆಯಿಂದ ಆಸ್ತಿ ಬಂದಿದೆ ಎಂದರೆ ತಪ್ಪಾಗಲಾರದು.

ಬಂದ ಅತಿಥಿಗಳು, ಇದ್ದ ನೆಂಟರು

ಗಣತಿಗೆ ಮಾಗಿಯ ಕೊನೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಈ ಹೊತ್ತಿಗೆ ಹಿತ್ತಲಿನಲ್ಲಿ ಎರಡು ಬಗೆಯ ಹಕ್ಕಿಗಳೂ ಇರುತ್ತವೆ. ವರ್ಷವಿಡೀ ಇಲ್ಲೇ ಇರುವವು ಒಂದು ಬಗೆ, ಉತ್ತರದಿಂದ ಚಳಿ ಕಳೆಯಲು ಬಂದವು ಇನ್ನೊಂದು. ಮಾರ್ಚ್, ಏಪ್ರಿಲ್ ಹೊತ್ತಿಗೆ ಅತಿಥಿಗಳು ಗಂಟುಮೂಟೆ ಕಟ್ಟುತ್ತವೆ. ಆದ್ದರಿಂದ ಅವು ಹೊರಡುವ ಮೊದಲೇ ಲೆಕ್ಕ ಹಿಡಿಯಬೇಕು.

ಅತಿಥಿಗಳಲ್ಲಿ ಕಣ್ಣಿಗೆ ಬೇಗ ಬೀಳುವುದು ಹೊನ್ನಕ್ಕಿ. ಅರಿಶಿನ ಬಳಿದಂತಹ ಮೈಯ ಈ ಹಕ್ಕಿಯನ್ನು ತಮಿಳರು ‘ಮಾಂಗುಯಿಲ್’, ಅಂದರೆ ಮಾವಿನ ಕೋಗಿಲೆ, ಎನ್ನುತ್ತಾರೆ. ದಟ್ಟ ಮರಗಳಿರುವ ಅಡ್ಯಾರ್, ಗಿಂಡಿ ಕಡೆಯ ಮನೆಗಳವರಿಗೆ ಅದೃಷ್ಟವಿದ್ದರೆ ಉದ್ದ ಬಾಲದ ರಾಜಹಕ್ಕಿಯೂ ಕಾಣಬಹುದು. ಕಂದು ನೊಣಹಿಡುಕ ಒಂದೇ ಕೊಂಬೆಯಲ್ಲಿ ಕುಳಿತು, ಹಾರಿ ನೊಣ ಹಿಡಿದು, ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಬೇಲಿಯ ಪೊದೆಯೊಳಗಿಂದ ‘ಟಕ್, ಟಕ್’ ಎಂದು ನಾಲಿಗೆ ಲೊಟ್ಟೆ ಹೊಡೆದಂತಹ ಸದ್ದು ಬಂದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಪುಟ್ಟ ಕಂದು ಹಕ್ಕಿ ಇರಬಹುದು. ಹಿಮಾಲಯದಾಚೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದ ಅದರ ತೂಕ ಒಂದು ಅಂಚೆ ಲಕೋಟೆಯಷ್ಟು.

ಇನ್ನು ನವರಂಗದ ವಿಚಾರ. ಮೈಮೇಲೆ ಬಣ್ಣಗಳ ಸಂತೆಯನ್ನೇ ಹೊತ್ತ ಈ ಹಕ್ಕಿ ದಕ್ಷಿಣಕ್ಕೆ ಬರುವಾಗ ಅಕ್ಟೋಬರ್, ನವೆಂಬರ್‌ನಲ್ಲೂ ಹಿಂದಿರುಗುವಾಗ ಏಪ್ರಿಲ್‌ನಲ್ಲೂ ಚೆನ್ನೈ ತೋಟಗಳಲ್ಲಿ ತಂಗುವುದುಂಟು. ಹಾರಿ ಸುಸ್ತಾಗಿ ಅಂಗಳದಲ್ಲಿ ಕುಳಿತದ್ದನ್ನು ಗಾಯಗೊಂಡಿದೆಯೆಂದು ತಿಳಿದು ಮನೆಯವರು ಗಾಬರಿಯಾಗುತ್ತಾರೆ. ಬೆಕ್ಕು ನಾಯಿಗಳಿಂದ ದೂರವಿಟ್ಟು ವಿಶ್ರಾಂತಿಗೆ ಬಿಟ್ಟರೆ ಬಹುತೇಕ ತಾನಾಗಿಯೇ ಹಾರಿಹೋಗುತ್ತದೆ. ಬೆಳಗ್ಗೆ ಸಂಜೆ ಆರು ಗಂಟೆಯ ಸುಮಾರಿಗೆ ಕೂಗುವುದರಿಂದ ತಮಿಳಿನಲ್ಲಿ ಇದಕ್ಕೆ ‘ಆರುಮಣಿ ಕುರುವಿ’ ಎಂಬ ಚೆಂದದ ಹೆಸರಿದೆ.

ನೆಂಟರ ಪಟ್ಟಿ ಇನ್ನೂ ಉದ್ದ. ಕಾಗೆ, ಗೊರವಂಕ, ಗಿಳಿ, ಪಿಕಳಾರ, ಚುಕ್ಕೆ ಬೆಳವ, ಮಡಿವಾಳ, ಹೊಲಿಗೆ ಹಾಕಿ ಗೂಡು ಕಟ್ಟುವ ಸಿಂಪಿಗ, ಏಳೆಂಟರ ಗುಂಪಿನಲ್ಲಿ ತಿರುಗುತ್ತ ವಾಗ್ವಾದ ನಡೆಸುವ ಹರಟೆಮಲ್ಲ, ನೀರಿಲ್ಲದ ಕಡೆಯೂ ಹಲ್ಲಿ ಕೀಟಗಳನ್ನು ಹಿಡಿದು ಬದುಕುವ ಮಿಂಚುಳ್ಳಿ ಇವೆಲ್ಲ ನಗರದ ನಡುವೆಯೇ ಇವೆ. ಹೆಣ್ಣು ಸೂರಕ್ಕಿಯಂತೂ ಬಾಲ್ಕನಿಯ ಬಟ್ಟೆ ತಂತಿಗೂ ಗೂಡು ತೂಗುಹಾಕುತ್ತದೆ. ಜೇಡರ ಬಲೆ, ತೊಗಟೆ ಚೂರು, ನಾರುಗಳನ್ನು ಸೇರಿಸಿ ಹೆಣೆದ ಆ ಗೂಡನ್ನು ಕಸವೆಂದು ಗುಡಿಸಿ ಹಾಕಿದವರೂ ಇದ್ದಾರೆ.

ರಾತ್ರಿಪಾಳಿಯವರದು ಬೇರೆಯೇ ದಂಡು. ಬೆಳಗ್ಗೆ ಅಂಗಳದಲ್ಲಿ ಅರ್ಧ ಕಚ್ಚಿದ ಬಾದಾಮಿ ಕಾಯಿ ಚೆಲ್ಲಾಡಿದ್ದರೆ ಅದು ಬಾವಲಿ ಬಂದುಹೋದ ಗುರುತು. ಹಳೆಯ ಮನೆಗಳ ಅಟ್ಟದ ಮೇಲೆ ರಾತ್ರಿ ಓಡಾಡುವ ಸದ್ದು ಪುನುಗುಬೆಕ್ಕಿನ ಕುಲದ ಪ್ರಾಣಿಯದಿರಬಹುದು. ನಾವು ಬೆಕ್ಕೆಂದು ಕರೆದದ್ದನ್ನು ತಮಿಳರು ‘ಮರನಾಯ್’ ಎಂದು ನಾಯಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ಅದು ಬೆಕ್ಕೂ ಅಲ್ಲ, ನಾಯಿಯೂ ಅಲ್ಲ ಎಂಬುದು ಸ್ವಾರಸ್ಯ. ಕತ್ತಲಾಗುತ್ತಲೇ ಬೀದಿದೀಪದ ಕೆಳಗೆ ಹುಳು ಹಿಡಿಯುವ ಪುಟ್ಟ ಗೂಬೆಯೇ ನಮ್ಮ ಹಾಲಕ್ಕಿ. ಬುಡಬುಡಿಕೆಯವರು ಅದರ ಹೆಸರಿನಲ್ಲಿ ಶುಭ ನುಡಿಯುತ್ತಿದ್ದುದು ಹಳಬರಿಗೆ ನೆನಪಿದ್ದೀತು.

ಒಂದೇ ಹಕ್ಕಿ, ಎರಡು ನುಡಿ

ಹೊರನಾಡಿನ ಮಕ್ಕಳಿಗೆ ಕನ್ನಡ ಕಲಿಸಲು ಹಿತ್ತಲಿಗಿಂತ ಒಳ್ಳೆಯ ತರಗತಿ ಬೇಕಿಲ್ಲ. ಅಳಿಲು ತಮಿಳಿನಲ್ಲಿ ‘ಅಣಿಲ್’, ಗಿಳಿ ‘ಕಿಳಿ’, ಕಾಗೆ ‘ಕಾಕೈ’. ಕೆಂಬೂತವನ್ನು ತಮಿಳರು ‘ಸೆಂಬೋತ್ತು’ ಎನ್ನುತ್ತಾರೆ. ಕೇರೆ ಹಾವು ಅಲ್ಲಿ ‘ಸಾರೈ’. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಸೆವಿ’ ಆದ ಹಾಗೆಯೇ ಇವೂ. ಕನ್ನಡ ಉಳಿಸಿಕೊಂಡ ಹಳೆಯ ಕಕಾರ ತಮಿಳಿನಲ್ಲಿ ಮೆದುವಾದ ಬಗೆಯನ್ನು ಭಾಷಾಶಾಸ್ತ್ರದ ಪುಸ್ತಕ ತೆರೆಯದೆ ಬೇಲಿಯ ಮೇಲಿನ ಕೆಂಬೂತವನ್ನು ತೋರಿಸಿಯೇ ಹೇಳಿಕೊಡಬಹುದು.

ಕನ್ನಡದ ಈ ಹಳೆಯ ಹೆಸರುಗಳನ್ನು ಕಾಪಾಡುವ ಕೆಲಸದಲ್ಲಿ ಈ ಊರಿನ ಪಾಲೂ ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ಪ್ರೊ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯದಿಂದಲೇ. ಪೂರ್ಣಚಂದ್ರ ತೇಜಸ್ವಿಯವರ (1938–2007) ‘ಹಕ್ಕಿ ಪುಕ್ಕ’ದಂತಹ ಪುಸ್ತಕ ಮನೆಯಲ್ಲಿದ್ದರೆ ಮಕ್ಕಳಿಗೆ ಕನ್ನಡದ ಹೆಸರೂ ಹಕ್ಕಿಯ ಗುರುತೂ ಒಟ್ಟಿಗೆ ಸಿಗುತ್ತವೆ. ಹಕ್ಕಿಯನ್ನು ಕಂಡು ‘ಬರ್ಡ್’ ಎಂದಷ್ಟೇ ಹೇಳುವ ಮಗು ಅದರ ಹೆಸರು ಹಿಡಿದು ಕೂಗಲು ಕಲಿತ ದಿನ, ಮರುದಿನವೂ ಅದನ್ನು ಹುಡುಕುತ್ತದೆ.

ಆಚರಣೆಗಳೂ ಇದಕ್ಕೆ ಒದಗಿ ಬರುತ್ತವೆ. ಊರಿನಲ್ಲಿ ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವ ಕನ್ನಡಿಗರು, ಇಲ್ಲಿ ಪೊಂಗಲ್ ಮರುದಿನ ನೆರೆಮನೆಯ ಹೆಂಗಳೆಯರು ಅರಿಶಿನದ ಎಲೆಯ ಮೇಲೆ ಬಣ್ಣದ ಅನ್ನದ ಉಂಡೆಗಳನ್ನಿಟ್ಟು ಸೋದರರ ಕ್ಷೇಮ ಕೋರುವ ಕನು ಹಬ್ಬವನ್ನು ಕಂಡಿರುತ್ತಾರೆ. ತಾರಸಿಗೆ ಬಂದ ಕಾಗೆಗಳನ್ನು ಎರಡೂ ನಾಡಿನ ಮನೆಗಳು ಆದರದಿಂದ ಕಂಡಿವೆ. ಅವನ್ನು ಎಣಿಸುವುದು ಆ ಆದರದ ಮುಂದಿನ ಹೆಜ್ಜೆ ಅಷ್ಟೇ.

ಗುಬ್ಬಿ ಕಲಿಸಿದ ಪಾಠ

ಎಣಿಸಿ ಆಗಬೇಕಾದ್ದೇನು ಎಂದು ಕೇಳುವವರಿಗೆ ಗುಬ್ಬಚ್ಚಿಯೇ ಉತ್ತರ. ಮೈಲಾಪುರ, ತಿರುವಲ್ಲಿಕೇಣಿಯ ಹಳೆಯ ಹೆಂಚಿನ ಮನೆಗಳಲ್ಲಿ ದೇವರ ಪಟದ ಹಿಂದೆ, ತೊಲೆಯ ಸಂದಿನಲ್ಲಿ, ಮೀಟರ್ ಪೆಟ್ಟಿಗೆಯ ಮೇಲೆ ಗುಬ್ಬಿ ಗೂಡು ಇರುತ್ತಿದ್ದ ಕಾಲವನ್ನು ಇಲ್ಲಿನ ಹಿರಿಯ ಕನ್ನಡಿಗರು ಇಂದೂ ನೆನೆಯುತ್ತಾರೆ. ಮುತ್ತಜ್ಜಿ ಮೊರದಲ್ಲಿ ಅಕ್ಕಿ ಕೇರುವಾಗ ನುಚ್ಚಿಗೆ ಕಾಯುತ್ತಿದ್ದ ಗುಬ್ಬಿಗಳು ಯಾವ ವರ್ಷದಿಂದ ಬರುವುದು ಬಿಟ್ಟವು ಎಂದು ಕೇಳಿದರೆ ಮಾತ್ರ ಯಾರಿಂದಲೂ ಉತ್ತರವಿಲ್ಲ. ಗುಬ್ಬಿ ಇದ್ದಾಗ ಯಾರೂ ಅದನ್ನು ಬರೆದಿಡಲಿಲ್ಲ. ಎಲ್ಲೆಲ್ಲೂ ಇರುವುದನ್ನು ಬರೆಯುವುದೇಕೆ ಎಂದುಕೊಂಡರು. ಹೋದ ಮೇಲೆ ಎಷ್ಟಿತ್ತು, ಎಂದು ಕಡಿಮೆಯಾಯಿತು ಎಂದು ಹೇಳಲು ಲೆಕ್ಕವೇ ಇರಲಿಲ್ಲ.

2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಈ ಕೊರತೆಯನ್ನು ಒಂದಷ್ಟು ತುಂಬಿತು. ಗುಬ್ಬಿಗಳ ಸಂಖ್ಯೆ ದೇಶದಲ್ಲಿ ಒಟ್ಟಾರೆಯಾಗಿ ಸುಮಾರು ಸ್ಥಿರವಾಗಿದೆ, ಆದರೆ ಚೆನ್ನೈ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿಮುಖವಾಗಿದೆ ಎಂದು ಆ ವರದಿ ತೋರಿಸಿತು. ಮೊಬೈಲ್ ಗೋಪುರಗಳೇ ಗುಬ್ಬಿಯನ್ನು ಕೊಂದವು ಎಂಬ ಜನಪ್ರಿಯ ಮಾತಿಗೆ ಗಟ್ಟಿ ಆಧಾರ ದೊರೆತಿಲ್ಲ. ಗೂಡಿಗೆ ಸಂದುಗೊಂದು ಇಲ್ಲದ ಕಟ್ಟಡಗಳು, ಮರಿಗಳಿಗೆ ಬೇಕಾದ ಹುಳುಹುಪ್ಪಟೆಗಳ ಕೊರತೆ ಇವೇ ಹೆಚ್ಚು ಸಂಭವನೀಯ ಕಾರಣಗಳು. ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಗುಟುಕು ಕೊಡುವುದು ಹುಳುವನ್ನು.

ಇದೇ ಸಾಲಿನ 2023ರ ವರದಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತವನ್ನು ಲೆಕ್ಕ ಹಾಕಲು ಸಾಧ್ಯವಾದ 338 ಜಾತಿಗಳ ಪೈಕಿ 204 ಇಳಿಮುಖವಾಗಿದ್ದವು. ಕೋಗಿಲೆ, ನವಿಲು, ಪಾರಿವಾಳದಂತಹವು ಹೆಚ್ಚಿದ್ದವು. ಈ ವರದಿಗೆ ಆಧಾರ ಸುಮಾರು 30 ಸಾವಿರ ಪಕ್ಷಿವೀಕ್ಷಕರು ಒದಗಿಸಿದ 3 ಕೋಟಿಯಷ್ಟು ದಾಖಲೆಗಳು. ಅವರಲ್ಲಿ ವಿಜ್ಞಾನಿಗಳ ಪಾಲು ಸಣ್ಣದು. ಶಿಕ್ಷಕರು, ಬ್ಯಾಂಕ್ ನೌಕರರು, ಗೃಹಿಣಿಯರು, ವಿದ್ಯಾರ್ಥಿಗಳು ತಾರಸಿಯಿಂದ, ರೈಲ್ವೆ ಕ್ವಾರ್ಟರ್ಸಿನಿಂದ, ಶಾಲೆಯ ಮೈದಾನದಿಂದ ಬರೆದ ಸಣ್ಣ ಸಣ್ಣ ಪಟ್ಟಿಗಳೂ ಇಂತಹ ದಾಖಲೆಗಳೇ ಆಗಿವೆ.

ಹಿತ್ತಲೇ ಇಲ್ಲದ ಮನೆಗೆ

ಹಿತ್ತಲಿನ ಮಾತೆತ್ತಿದರೆ ಇಂದು ಅನೇಕರು ‘ಎಲ್ಲಿದೆ ಹಿತ್ತಲು?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಅದು ನ್ಯಾಯವೇ. ತ್ಯಾಗರಾಯನಗರದಲ್ಲಿ, ಐನಾವರದಲ್ಲಿ, ಮಾಂಬಲದಲ್ಲಿ ಬಾವಿ, ಬಾಳೆ, ನುಗ್ಗೆ, ಕರಿಬೇವು ಇದ್ದ ಒಂಟಿ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಬಾವಿಯಿದ್ದ ಜಾಗಕ್ಕೆ ಕಾರು ಬಂತು. ಉಳಿದ ಮರಗಳ ಮೇಲೆ 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಎರಗಿ ಒಂದೇ ದಿನದಲ್ಲಿ ನಗರದ ಸಾವಿರಾರು ಮರಗಳನ್ನು ಉರುಳಿಸಿತು. ಬೀದಿಬೀದಿಗಳಲ್ಲಿ ಬಿದ್ದ ಮರಗಳನ್ನು ಕಂಡವರು ಆ ರಾತ್ರಿಯನ್ನು ಮರೆಯಲಾರರು. ಆ ಮರಗಳಲ್ಲಿದ್ದ ಹಕ್ಕಿಗಳೆಷ್ಟು ಎಂದು ಬರೆದಿಟ್ಟಿದ್ದ ಬೀದಿಗಳು ಎಷ್ಟಿರಬಹುದು?

ಹಿತ್ತಲು ಹೋದರೂ ಹಕ್ಕಿಗೆ ಉಳಿದ ದಾರಿಗಳಿವೆ. ನಗರದ ನಡುವೆ ಸುಮಾರು 270 ಹೆಕ್ಟೇರಿನ ಗಿಂಡಿ ರಾಷ್ಟ್ರೀಯ ಉದ್ಯಾನವಿದೆ. ಅದಕ್ಕೆ ಅಂಟಿಕೊಂಡು ಐಐಟಿ ಆವರಣವಿದೆ, ಅಡ್ಯಾರ್ ನದಿಯ ದಡದಲ್ಲಿ ಥಿಯಾಸಾಫಿಕಲ್ ಸೊಸೈಟಿಯ ತೋಪಿದೆ. ದಕ್ಷಿಣಕ್ಕೆ 2022ರಲ್ಲಿ ರಾಮ್‌ಸಾರ್ ಮನ್ನಣೆ ಪಡೆದ ಪಳ್ಳಿಕರಣೈ ಜೌಗು ಪ್ರದೇಶವಿದೆ. ಈ ದೊಡ್ಡ ತಾಣಗಳ ನಡುವೆ ಹಕ್ಕಿಗೆ ಮೆಟ್ಟಿಲುಗಳಾಗುವುದು ಮನೆಯ ಮುಂದಿನ ಒಂದು ಹೊಂಗೆ, ಒಂದು ಬೇವು, ತಾರಸಿಯ ನಾಲ್ಕು ಕುಂಡಗಳು. ಹಾಗಾಗಿ ಮೂರನೆಯ ಮಹಡಿಯ ಬಾಲ್ಕನಿಯೂ ಈ ಗಣತಿಯ ಲೆಕ್ಕಕ್ಕೆ ಹಿತ್ತಲೇ.

ನೋಡುವ ಕ್ರಮ

ಗಣತಿಯಲ್ಲಿ ಪಾಲ್ಗೊಳ್ಳಬಯಸುವವರು ಗಮನಿಸಬೇಕಾದ ಕೆಲವು ಅಂಶಗಳು ಹೀಗಿವೆ.

ಬೆಳಗ್ಗೆ ಆರೂವರೆಯಿಂದ ಎಂಟೂವರೆಯ ಒಳಗೆ ಹಕ್ಕಿಗಳ ಓಡಾಟ ಹೆಚ್ಚು. ಫಿಲ್ಟರ್ ಕಾಫಿಯ ಲೋಟ ಹಿಡಿದು ಒಂದೇ ಕಡೆ ಕನಿಷ್ಠ 15 ನಿಮಿಷ ನಿಲ್ಲಬೇಕು. ಕಂಡದ್ದನ್ನೂ ಕೇಳಿದ್ದನ್ನೂ ಬರೆಯಬೇಕು. ಕಾಗೆ, ಪಾರಿವಾಳ ಎಂದು ತಾತ್ಸಾರ ಮಾಡಿ ಬಿಡಬಾರದು. ಗುರುತು ಸಿಗದ ಹಕ್ಕಿಯ ಬಣ್ಣ, ಕೊಕ್ಕು, ಬಾಲ, ಕುಳಿತ ಭಂಗಿಯನ್ನು ಬರೆದಿಟ್ಟುಕೊಂಡು ಬಲ್ಲವರನ್ನು ಕೇಳಬೇಕು. ಊಹಿಸಿ ಹೆಸರು ಹಾಕುವುದು ಸಲ್ಲ. ಗುಬ್ಬಿ ಕಾಣದಿದ್ದರೆ ಕಾಣಲಿಲ್ಲ ಎಂಬುದೂ ಮಾಹಿತಿಯೇ. ಪಟ್ಟಿಯನ್ನು ‘ಇಬರ್ಡ್’ ಎಂಬ ಉಚಿತ ಆ್ಯಪ್ ಮೂಲಕ ಸೇರಿಸಬಹುದು. ಕೂಗು ಕೇಳಿಸಿಕೊಂಡು ಹೆಸರು ಸೂಚಿಸುವ ‘ಮೆರ್ಲಿನ್’ ಆ್ಯಪ್ ಕೂಡ ಇದೆ. ಆದರೆ ಅದು ಹೇಳಿದ್ದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಮೊಬೈಲ್ ಒಗ್ಗದ ಹಿರಿಯರು ನೋಟ್‌ಪುಸ್ತಕದಲ್ಲಿ ಬರೆದು ಮನೆಯ ಕಿರಿಯರ ಕೈಗೆ ಕೊಡಬಹುದು.

ಚೆನ್ನೈಯ ವರ್ಷದ ಮಳೆಯ ಬಹುಪಾಲು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬಂದು ಮುಗಿಯುತ್ತದೆ. ಫೆಬ್ರವರಿಯಿಂದ ನೆಲ ಒಣಗತೊಡಗುವುದರಿಂದ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಹಕ್ಕಿಗಳು ತಾವಾಗಿಯೇ ಹತ್ತಿರ ಬರುತ್ತವೆ. ಸೊಳ್ಳೆ ಮರಿಯಾಗದಂತೆ ಆ ನೀರನ್ನು ದಿನವೂ ಚೆಲ್ಲಿ ತಟ್ಟೆ ಉಜ್ಜುವುದು ಕಡ್ಡಾಯ. ಗೂಡಿನ ಸಮೀಪ ಹೋಗುವುದು, ಫೋಟೋಗಾಗಿ ಎಲೆ ಸರಿಸುವುದು ಬೇಡ. ಕೇರೆ ಹಾವು ಕಂಡರೆ ಹೊಡೆಯುವುದು ಬೇಡ. ಅದು ವಿಷವಿಲ್ಲದ, ಇಲಿ ಹಿಡಿಯುವ ಹಾವು. ಯಾವ ಹಾವೆಂದು ತಿಳಿಯದಿದ್ದರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಗಿಳಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ.

ಹಕ್ಕಿ ನೋಡುವ ಹೊಸಬರಿಗೆ ಜೊತೆ ಬೇಕೆಂದರೆ 1978ರಲ್ಲಿ ಸ್ಥಾಪನೆಯಾದ ಮದ್ರಾಸ್ ನ್ಯಾಚುರಲಿಸ್ಟ್ಸ್ ಸೊಸೈಟಿಯಂತಹ ಹಳೆಯ ಸಂಸ್ಥೆ ಈ ನಗರದಲ್ಲೇ ಇದೆ.

ಸಂಘಗಳಿಗೆ ಒಂದು ಬೆಳಗು

ಕನ್ನಡ ಸಂಘಗಳ ವಾರ್ಷಿಕ ಪಟ್ಟಿಯಲ್ಲಿ ರಾಜ್ಯೋತ್ಸವ, ಯುಗಾದಿ, ದಾಸರ ಪದಗಳ ಸ್ಪರ್ಧೆ ಎಲ್ಲವೂ ಇವೆ. ಫೆಬ್ರವರಿಯ ಒಂದು ಭಾನುವಾರದ ಬೆಳಗನ್ನು ಇದಕ್ಕೂ ಮೀಸಲಿಡುವುದು ಕಷ್ಟವೇನಲ್ಲ. ಖರ್ಚೆಂದರೆ ಕಾಫಿ, ಉಪ್ಪಿಟ್ಟಿನದು ಮಾತ್ರ. ಹಿರಿಯರು ಕನ್ನಡದ ಹೆಸರು ಹೇಳಲಿ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ತಮಿಳಿನ ಹೆಸರು ಹೇಳಲಿ, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ, ಪ್ರತಿವರ್ಷ ಮುಂದುವರಿದರೆ ಹತ್ತು ವರ್ಷದಲ್ಲಿ ಆ ಪುಸ್ತಕ ಬಡಾವಣೆಯೊಂದರ ಚರಿತ್ರೆಯಾಗುತ್ತದೆ. ಕೃಷ್ಣನ್ ಅವರು 46 ವರ್ಷ ಎಡೆಬಿಡದೆ ಬರೆದದ್ದರ ಹಿಂದಿದ್ದ ಗುಟ್ಟೂ ಇದೇ. ನೋಡಿದ ದಿನವೇ ಬರೆದಿಡುವುದು, ಮರುದಿನ ಮತ್ತೆ ನೋಡುವುದು.

ಚೆನ್ನೈಯ ಅಳಿಲಿನ ಬೆನ್ನ ಮೇಲೆ ಮೂರು ಗೆರೆ. ಉತ್ತರ ಭಾರತದ ನಗರಗಳಲ್ಲಿ ಕಾಣುವ ಅಳಿಲಿಗೆ ಐದು. ಸೇತುವೆ ಕಟ್ಟಲು ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಬೆರಳಿನಿಂದ ಸವರಿದ ಕಥೆಯನ್ನು ಅಜ್ಜಿಯರು ಹೇಳುವುದು ಈ ಗೆರೆಗಳನ್ನು ತೋರಿಸಿಯೇ. ಅದರಿಂದಲೇ ಕನ್ನಡಕ್ಕೆ ‘ಅಳಿಲು ಸೇವೆ’ ಎಂಬ ಮಾತು ಬಂತು. ನಾಲ್ಕು ದಿನ, ದಿನಕ್ಕೆ 15 ನಿಮಿಷದ ಲೆಕ್ಕ ಅಂತಹದೇ ಒಂದು ಹಿಡಿ ಮರಳು. ಈ ಫೆಬ್ರವರಿಯಲ್ಲಿ ಬಾದಾಮಿ ಎಲೆ ಉದುರಿ ಮುಗಿಯುವ ಮೊದಲು, ಕಾಂಪೌಂಡ್ ಗೋಡೆಯ ಮೇಲೆ ಬಾಲ ಕುಣಿಸುತ್ತಿರುವ ಅಳಿಲಿನ ಗೆರೆಗಳಿಂದಲೇ ಎಣಿಕೆ ಆರಂಭಿಸಬಹುದು.